ಇ-ರೀಡರ್ ಜೊತೆ ನಾಲ್ಕು ವರ್ಷ: ಓದಿದ್ದೆಷ್ಟು, ಅಲೆದಿದ್ದೆಷ್ಟು

ಕನ್ನಡ ಪುಸ್ತಕ ಓದುವುದಕ್ಕೆ ಅಂತಲೇ ಇ-ರೀಡರ್ ಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. 2021ರಲ್ಲಿ ನಾನೂ ಅದೇ ಆಸೆಯಿಂದ ಕೊಂಡೆ. ನಾಲ್ಕು ವರ್ಷ ಆಯಿತು, ಇವತ್ತಿಗೂ ಅದು ನನ್ನ ಚೀಲದಲ್ಲೇ ಇದೆ. ಆದರೆ ಯಾವ ಕೆಲಸಕ್ಕೆ ತಂದೆನೋ ಆ ಕೆಲಸ ಮಾಡಿದ್ದು ಕಮ್ಮಿ, ಬೇರೆ ಕೆಲಸಕ್ಕೆ ಒದಗಿದ್ದೇ ಜಾಸ್ತಿ.

ಕಂಪನಿ ಹೆಸರು ಬರೆಯುತ್ತಿಲ್ಲ. ಆರು ಇಂಚಿನ ಇ-ಇಂಕ್ ಪರದೆ, 8 ಜಿಬಿ ಜಾಗ, ಸುಮಾರು 180 ಗ್ರಾಂ ತೂಕ. ಈ ಅಳತೆಯ ಯಾವುದನ್ನು ಕೊಂಡರೂ ಅನುಭವ ಹೆಚ್ಚುಕಮ್ಮಿ ಇದೇ. ಕವರ್ ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಮುನ್ನೂರು ಗ್ರಾಂ ಹತ್ತಿರ ಬರುತ್ತದೆ. ಆದರೂ ಕುವೆಂಪು ಕಾದಂಬರಿಗಿಂತ ಎಷ್ಟೋ ಹಗುರ.

ಪರದೆ ಬಗ್ಗೆ ನನ್ನದು ಒಂದೂ ದೂರಿಲ್ಲ. ಒಳಗೆ ಕಪ್ಪು-ಬಿಳಿ ಬಣ್ಣದ ಸಣ್ಣ ಸಣ್ಣ ಕಣಗಳಿರುತ್ತವೆ. ಪುಟ ತಿರುವಿದಾಗ ಮಾತ್ರ ಅವು ಜಾಗ ಬದಲಿಸುತ್ತವೆ, ಆಮೇಲೆ ಅಕ್ಷರ ನಿಂತಲ್ಲೇ ನಿಲ್ಲುವುದಕ್ಕೆ ಕರೆಂಟೇ ಬೇಡ. ಇದು ಅಪ್ಪನಿಗೆ ಒಪ್ಪಿಗೆಯಾಗಲೇ ಇಲ್ಲ. ಮೇಜಿನ ಮೇಲೆ ಪುಟ ತೆರೆದು ಬಿಟ್ಟು ಎದ್ದರೆ ಸಾಕು, "ಆಫ್ ಮಾಡೋ, ಸುಮ್ನೆ ಉರೀತಿದೆ" ಅನ್ನುತ್ತಿದ್ದರು. ಉರಿಯುತ್ತಿಲ್ಲ ಅಪ್ಪಾ ಅಂದರೆ, "ಹಾಗಾದ್ರೆ ಕಾಣ್ತಿರೋದು ಹೇಗೆ?" ಯಂತ್ರದ ಒಳದೀಪ ಆರಿಸಿ ಓದಿದರೆ ಬ್ಯಾಟರಿ ಮೂರು ವಾರ ಬರುತ್ತಿತ್ತು. ಈಗ ಹತ್ತು ಹನ್ನೆರಡು ದಿನ. ನಾಲ್ಕು ವರ್ಷದ ಬ್ಯಾಟರಿಗೆ ಅದು ಕಡಿಮೆಯೇನಲ್ಲ.

ಬಿಸಿಲಲ್ಲಂತೂ ಮೊಬೈಲ್ ಇದರ ಹತ್ತಿರ ಸುಳಿಯೋ ಹಾಗಿಲ್ಲ. ಕಬ್ಬನ್ ಪಾರ್ಕಿನಲ್ಲಿ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ದಾಟಿ ಒಂದಿಷ್ಟು ನಡೆದರೆ ಬಿದಿರು ಮೆಳೆಗಳು ಸಿಗುತ್ತವೆ. ಅಲ್ಲೊಂದು ಜಮಖಾನ ಹಾಸಿ ಕೂತರೆ ಹನ್ನೆರಡು ಗಂಟೆ ಬಿಸಿಲಿಗೂ ಅಕ್ಷರ ಕಾಗದದಷ್ಟೇ ಸ್ಪಷ್ಟ. 2023ರಿಂದ ಶನಿವಾರಗಳಲ್ಲಿ ಕಬ್ಬನ್ ರೀಡ್ಸ್‌ನವರು ಸೇರಿ ಮೌನವಾಗಿ ಓದುತ್ತಾರಲ್ಲ, ಆ ಗುಂಪಿನ ಅಂಚಿನಲ್ಲಿ ನಾನೂ ಎಷ್ಟೋ ಸಲ ಕೂತಿದ್ದೇನೆ. ಯಾರೂ ಮಾತಾಡಿಸುವುದಿಲ್ಲ, ಅದೇ ಸುಖ. ಒಂದೇ ಎಚ್ಚರಿಕೆ: ಚುರುಮುರಿ ತಿಂದ ಕೈಯಲ್ಲಿ ಮುಟ್ಟಬೇಡಿ. ಎಣ್ಣೆ ಕಲೆ ಆಯಿತು ಅಂತ ಅಂಗಿ ತುದಿಯಿಂದ ಒರೆಸಿದರೆ ಪುಟಗಳು ಓಡಿಹೋಗುತ್ತವೆ. ನಾನು ಹಾಗೆ ಒರೆಸಿಯೇ ಒಂದು ಪತ್ತೇದಾರಿ ಕತೆಯ ಕೊಲೆಗಾರನ ಹೆಸರು ನೋಡಿಬಿಟ್ಟೆ.

ಈಗ ಕನ್ನಡದ ವಿಷಯಕ್ಕೆ ಬರೋಣ.

ಮೊದಲ ವರ್ಷ ನನ್ನ ಸವಾಲು ಎಲ್ಲರದೇ: ವರ್ಷಕ್ಕೆ 52 ಪುಸ್ತಕ. ಯಂತ್ರದ ಜೊತೆ ಬರುವ ಅಂಗಡಿಯಲ್ಲಿ ಕನ್ನಡದ ವಿಭಾಗವೇ ಇರಲಿಲ್ಲ. ಕನ್ನಡ ಇ-ಪುಸ್ತಕ ಮಾರುವ ಆ್ಯಪ್‌ಗಳು ಬೇರೆ ಇವೆ, ಪುಸ್ತಕಗಳೂ ಚೆನ್ನಾಗಿವೆ. ಆದರೆ ನಾನು ಕೊಂಡ ಕಡೆಯಲ್ಲೆಲ್ಲ ಪುಸ್ತಕ ಆ್ಯಪ್ ಒಳಗೇ ಉಳಿಯಿತು, ಇದಕ್ಕೆ ಎತ್ತಿ ಹಾಕಲು ಬರಲಿಲ್ಲ. ಉಳಿದದ್ದು ಹಳೆಯ ಪುಸ್ತಕಗಳು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಮುದ್ದಣ, ಪಂಜೆ, ಕೈಲಾಸಂ, ಬಿಎಂಶ್ರೀ ಇವರನ್ನೆಲ್ಲ ಧೈರ್ಯವಾಗಿ ಇಳಿಸಿಕೊಳ್ಳಬಹುದು. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅವರಿಗೆ ಇನ್ನೂ ಕಾಯಬೇಕು.

ಇಳಿಸಿಕೊಂಡೆ. ಆದರೆ ಇಂಥವು ಹೆಚ್ಚಿನವು ಸ್ಕ್ಯಾನ್ ಮಾಡಿದ ಪಿಡಿಎಫ್. ಎಂಟೂವರೆ ಇಂಚು ಎತ್ತರದ ಡೆಮಿ ಪುಟವನ್ನು ಆರು ಇಂಚಿನ ಪರದೆಗೆ ತುರುಕಿದರೆ ಏನಾಗುತ್ತದೆ ಗೊತ್ತಾ? ಮಹಾಪ್ರಾಣದ ಸೀಳು ಮಾಯ. ದ, ಧ ಒಂದೇ. ಪ, ಫ ಒಂದೇ. ಹಳೇ ಕತೆಯೊಂದರಲ್ಲಿ ಯಜಮಾನ ತನ್ನ ದನವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಅಂತ ಓದಿಕೊಂಡು, ಇದೇನು ವಿಚಿತ್ರ ಅಂತ ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಹಿಗ್ಗಿಸಿ ನೋಡಿದರೆ ಧನ!

ಪರಿಹಾರ ಇದೆ, ಸ್ವಲ್ಪ ಕೈಕೆಲಸ ಬೇಕು. ಕಂಪ್ಯೂಟರ್‌ನಲ್ಲಿ ಪುಟದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ, ಯಂತ್ರವನ್ನು ಅಡ್ಡ ಹಿಡಿದು, ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬೇಕು. ಅಂಚು ಕತ್ತರಿಸುವುದಕ್ಕೆ ಉಚಿತ ತಂತ್ರಾಂಶಗಳಿವೆ. ಒಂದು ಪುಸ್ತಕಕ್ಕೆ ಹತ್ತು ನಿಮಿಷದ ಕೆಲಸ. ಯೂನಿಕೋಡ್‌ನಲ್ಲಿರುವ ಇಪಬ್ ಕಡತ, ಅಂದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲು ತಾನೇ ಪರದೆಗೆ ಹೊಂದಿಕೊಳ್ಳುವಂಥದ್ದು, ಸಿಕ್ಕರೆ ಈ ಯಾವ ತಾಪತ್ರಯವೂ ಇಲ್ಲ. ಮೊದಮೊದಲು ಅದರಲ್ಲೂ ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕಕ್ಕೆ ಜಾರಿ ನಿಲ್ಲುತ್ತಿತ್ತು. ಒಂದು ಅಪ್‌ಡೇಟ್ ಬಂದ ಮೇಲೆ, ನಾನೇ ಬೇರೆ ಕನ್ನಡ ಫಾಂಟ್ ಹಾಕಿದ ಮೇಲೆ, ಸರಿಹೋಯಿತು.

52ರಲ್ಲಿ ಮುಗಿಸಿದ್ದು 37. ಅದರಲ್ಲೂ ಕೊನೆಯ ಒಂಬತ್ತು ಡಿಸೆಂಬರ್‌ನಲ್ಲಿ, ಬರೀ ತೆಳ್ಳಗಿನ ನಾಟಕ ಹುಡುಕಿ ಹುಡುಕಿ ಓದಿದ್ದು. ಇದರಲ್ಲಿ ಯಂತ್ರದ ಪಾಲೂ ಇದೆ. ಪುಟದ ಕೆಳಗೆ ಶೇ 43, ಶೇ 44 ಅಂತ ತೋರಿಸುತ್ತಿರುತ್ತದೆ. ಕಣ್ಣು ಸಾಲಿನ ಮೇಲೆ, ಮನಸ್ಸು ಶೇಕಡದ ಮೇಲೆ. ಕೈಲಾಸಂ ಓದುತ್ತಾ ನಗು ಬಂದಾಗಲೂ ಇನ್ನೆಷ್ಟು ಬಾಕಿ ಅಂತ ನೋಡಿದ್ದೇನೆ. ಥೂ ಅನ್ನಿಸಿತು. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಬಹುದು ಅಂತ ಗೊತ್ತಾಗಿದ್ದು ಎರಡನೇ ವರ್ಷ. ಕೊಂಡ ದಿನವೇ ತೆಗೆದುಬಿಡಿ.

2022ಕ್ಕೆ ಎಣಿಕೆ ಬಿಟ್ಟು ಬೇರೆ ಸವಾಲು ಹಾಕಿಕೊಂಡೆ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟೂ ಜನರದ್ದು ಒಂದೊಂದು ಪುಸ್ತಕ. 1967ರ ಕುವೆಂಪು, 1973ರ ಬೇಂದ್ರೆ, 1977ರ ಕಾರಂತ, 1983ರ ಮಾಸ್ತಿ, 1990ರ ಗೋಕಾಕ್, 1994ರ ಅನಂತಮೂರ್ತಿ, 1998ರ ಕಾರ್ನಾಡ್, 2010ರ ಕಂಬಾರ. ಎಂಟೇ ತಾನೆ, ಆರು ತಿಂಗಳು ಸಾಕು ಅಂದುಕೊಂಡೆ. ಗೋಕಾಕರ ಮಹಾಕಾವ್ಯ ಒಂದೇ ಮೂರು ತಿಂಗಳು ತಿಂದಿತು, ಪೂರ್ತಿ ಒಳಗಿಳಿಯಿತು ಅಂತ ಈಗಲೂ ಹೇಳಲಾರೆ. ಎಂಟನ್ನೂ ಕಾಗದದಲ್ಲೇ ಓದಿದೆ. ಗಾಂಧಿ ಬಜಾರಿನ ಅಂಗಡಿಯಲ್ಲಿ ತಿಂಗಳಿಗೊಂದು ಕೊಳ್ಳುವುದು, ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಕಾಯುತ್ತಾ ಮೊದಲ ಹತ್ತು ಪುಟ ಓದುವುದು. ಒಂದು ಸಲ ಶುಕ್ರವಾರ ಹೋಗಿ, ರಜೆ ಅಂತ ನೆನಪಾಗಿ, ಬರೀ ಪುಸ್ತಕ ತಂದೆ. ಆ ವರ್ಷ ಇ-ರೀಡರ್‌ನಲ್ಲಿ ಇಂಗ್ಲಿಷ್ ಮಾತ್ರ ಓದಿದೆ. ಹನ್ನೊಂದು ಸಾವಿರ ಕೊಟ್ಟು ತಂದದ್ದಕ್ಕೆ ಅಕ್ಕ ಚುಚ್ಚದೇ ಬಿಡಲಿಲ್ಲ: "ಕನ್ನಡ ಕನ್ನಡ ಅಂತಿದ್ದೆ, ಈಗ ಅದರಲ್ಲಿ ಕೊಲೆ ಕತೆ ಓದ್ತಾ ಕೂತಿದ್ದೀಯಲ್ಲೋ."

ಮೂರನೇ ವರ್ಷದಿಂದ ಅಲೆದಾಟ ಶುರು. ಓದಿದವರ ಊರಿಗೆ ಹೋಗಿ ಅಲ್ಲೇ ಕೂತು ಇನ್ನೊಮ್ಮೆ ಓದುವುದು. ಮೊದಲು ಧಾರವಾಡ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು ಬಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ. ಚೀಲ ಹಗುರ ಇರಲಿ ಅಂತ ಬೇಂದ್ರೆಯವರ ಹನ್ನೆರಡು ಕವಿತೆಗಳನ್ನು ನನ್ನ ಪುಸ್ತಕ ನೋಡಿ ನಾನೇ ಟೈಪ್ ಮಾಡಿ ಯಂತ್ರಕ್ಕೆ ಹಾಕಿಕೊಂಡಿದ್ದೆ. ಎರಡು ರಾತ್ರಿಯ ಕೆಲಸ. ಸಾಧನಕೇರಿಯ ಕೆರೆ ದಂಡೆಯಲ್ಲಿ ಕೂತು ತೆರೆದೆ. ಅಕ್ಷರ ದೊಡ್ಡದು ಮಾಡಿದ್ದೆನಲ್ಲ, ಪ್ರತಿ ಸಾಲಿನ ಕೊನೆಯ ಪದ ಮುರಿದು ಕೆಳಗೆ ಬಿದ್ದಿದೆ. ಪ್ರಾಸ ಎಲ್ಲಿ, ಸಾಲು ಎಲ್ಲಿ, ಒಂದೂ ತಿಳಿಯುತ್ತಿಲ್ಲ. ಗದ್ಯದ ಪುಸ್ತಕಕ್ಕೆ ವರವಾದ ಗುಣವೇ ಕವಿತೆಗೆ ಶಾಪ. ಅಕ್ಷರ ಸಣ್ಣದು ಮಾಡಿದರೆ ಸಾಲು ಸರಿಯಾಗುತ್ತದೆ, ಕಣ್ಣು ಸೋಲುತ್ತದೆ.

ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಬಹಳ ಹೊತ್ತಿನಿಂದ ನೋಡುತ್ತಿದ್ದರು. "ಏನ್ ಓದಾಕ ಹತ್ತೀರಿ ತಮ್ಮಾ?" ಅಂದರು. ಬೇಂದ್ರೆ ಅಂದೆ. "ಅದರಾಗ ಬೇಂದ್ರೆಯವ್ರು ಅದಾರೇನು?" ಅಂತ ಕೈಗೆ ತಗೊಂಡು, ಕನ್ನಡಕ ಹಣೆಗೇರಿಸಿ, ಎರಡು ಸಾಲು ನೋಡಿ ವಾಪಸ್ ಕೊಟ್ಟರು. ಆಮೇಲೆ ಕಣ್ಣು ಮುಚ್ಚಿ ಆ ಕವಿತೆ ಪೂರ್ತಿ ಹಾಡಿದರು. ನಾನು ಪರದೆಯ ಮೇಲೆ ಬೆರಳಿಟ್ಟುಕೊಂಡು ಅವರ ಹಿಂದೆ ಹೋದೆ. ಮುರಿದ ಸಾಲು ಎಲ್ಲಿ ಸೇರಬೇಕು ಅಂತ ಆಗ ಗೊತ್ತಾಯಿತು. ನಾನು ಟೈಪ್ ಮಾಡುವಾಗ ಒಂದು ಪದ ಬಿಟ್ಟಿದ್ದೂ ಗೊತ್ತಾಯಿತು.

ಸಂಜೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಬಂದಿದ್ದು ಇಲ್ಲಿಂದಲೇ. ಚೀಲ ಹಗುರ ಇರಲಿ ಅಂತ ಹೋದವನು ನಾಲ್ಕು ಪುಸ್ತಕ, ಅರ್ಧ ಕೆಜಿ ಪೇಡೆ ಹೊತ್ತು ವಾಪಸ್ ಬಂದೆ.

ಕುಪ್ಪಳಿಗೆ ಹೋಗಿದ್ದು ಜುಲೈನಲ್ಲಿ. ತೀರ್ಥಹಳ್ಳಿ ಕಡೆ ಆ ತಿಂಗಳು ಯಾರೂ ಸುಮ್ಮನೆ ಹೋಗುವುದಿಲ್ಲ, ಹೋದರೆ ಇಂಬಳಕ್ಕೆ ರಕ್ತದಾನ. ನನ್ನ ಯಂತ್ರ ನೀರು ತಡೆಯುವ ಮಾದರಿಯಲ್ಲ. ಆದ್ದರಿಂದ ಅಡುಗೆಮನೆಯ ಜಿಪ್ ಕವರ್ ಒಳಗೆ ಹಾಕಿಕೊಂಡು ಹೋದೆ. ಇದು ನಾಲ್ಕು ವರ್ಷದಲ್ಲಿ ನಾನು ಕಲಿತ ಅತಿ ಉಪಯೋಗದ ವಿದ್ಯೆ: ತೆಳು ಪ್ಲಾಸ್ಟಿಕ್ ಮೇಲಿಂದಲೂ ಪರದೆಗೆ ಬೆರಳು ಗೊತ್ತಾಗುತ್ತದೆ. ಕವಿಶೈಲದ ಬಂಡೆಯ ಮೇಲೆ ಕೊಡೆ ಹಿಡಿದು ಕೂತೆ. ಬಂಡೆಯಲ್ಲಿ ಕೊರೆದ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರುಗಳ ಸಂದಿಯಲ್ಲಿ ನೀರು ಹರಿಯುತ್ತಿತ್ತು. ಕೆಳಗೆ ಕಾಡು ಪೂರ್ತಿ ಮಂಜು. ಕೊಡೆ ಅಂಚಿನಿಂದ ಒಂದು ದಪ್ಪ ಹನಿ ಕವರ್ ಮೇಲೆ ಬಿತ್ತು, ಪುಟ ತಾನೇ ತಿರುಗಿತು. ನಾನು ಹಿಂದಕ್ಕೆ ತಿರುಗಿಸಿದೆ. ಇನ್ನೊಂದು ಹನಿ, ಮತ್ತೆ ಮುಂದಕ್ಕೆ. ಐದಾರು ಸಲ ಹೀಗೇ ಜಗ್ಗಾಡಿ ಕೊನೆಗೆ ಆಫ್ ಮಾಡಿ ಮಳೆ ನೋಡುತ್ತಾ ಕೂತೆ. ಆ ದಿನ ಓದಿದ್ದು ಒಟ್ಟು ನಾಲ್ಕು ಪುಟ.

ವಾಪಸ್ ಬರುವಾಗ ಚೀಲದಲ್ಲಿ ಸ್ಟೀಲ್ ಡಬ್ಬಿ ಒತ್ತಿ ಪರದೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಬಂದಿದೆ. ಸರ್ವೀಸ್ ಸೆಂಟರ್‌ನಲ್ಲಿ ಕೇಳಿದರೆ "ಪರದೆ ಬದಲಿಸಲ್ಲ ಸರ್, ಹೊಸದು ತಗೊಳ್ಳಿ, ಡಿಸ್ಕೌಂಟ್ ಕೊಡ್ತೀವಿ" ಅಂದರು. ಗೆರೆ ಹಾಗೇ ಇದೆ, ಓದಿಗೆ ಅಡ್ಡಿಯಿಲ್ಲ. ಮೆತ್ತನೆಯ ಕವರ್ ಸಾಲದು, ಗಟ್ಟಿ ರಟ್ಟಿನದೇ ಬೇಕು. ಇನ್ನು ಚಾರ್ಜ್ ಮಾಡುವ ಹಳೇ ಮೈಕ್ರೋ ಯುಎಸ್‌ಬಿ ಕಿಂಡಿ ಸಡಿಲವಾಗಿದೆ, ವೈರನ್ನು ಒಂದು ಕೋನದಲ್ಲಿ ಇಟ್ಟರೆ ಮಾತ್ರ ಹಿಡಿಯುತ್ತದೆ. ಈಗ ಕೊಳ್ಳುವವರು ಟೈಪ್-ಸಿ ಇರುವುದನ್ನೇ ನೋಡಿ. ಕನ್ನಡ ನಿಘಂಟು ಯಂತ್ರದಲ್ಲಿಲ್ಲ. ಮುದ್ದಣನ ಹಳಗನ್ನಡಕ್ಕೆ ಮೊಬೈಲ್‌ನಲ್ಲಿ ವಿ. ಕೃಷ್ಣ ಅವರ 'ಅಲರ್' ತೆರೆದಿಟ್ಟುಕೊಳ್ಳುತ್ತೇನೆ. ಒಂದು ಕೈಯಲ್ಲಿ ಇದು, ಇನ್ನೊಂದರಲ್ಲಿ ಅದು. ಚುರುಮುರಿಗೆ ಕೈಯೇ ಉಳಿಯುವುದಿಲ್ಲ.

ಮತ್ತೆ ಕೊಳ್ಳುತ್ತೀಯಾ ಅಂತ ಕೇಳಿದರೆ, ಕೊಳ್ಳುತ್ತೇನೆ. ಆದರೆ ಎಂಟು ಇಂಚಿನದು, ನೀರು ತಡೆಯುವಂಥದ್ದು. ಹಳೇ ಕನ್ನಡ ಸ್ಕ್ಯಾನ್ ಓದುವವರಿಗೆ ಆರು ಇಂಚು ಸಾಲುವುದಿಲ್ಲ. ಬರೀ ಹೊಸ ಕನ್ನಡ ಕಾದಂಬರಿ ಓದುವವರು ಆ ದುಡ್ಡಿಗೆ ನಲವತ್ತು ಐವತ್ತು ಪುಸ್ತಕ ಕೊಂಡರೇ ಲೇಸು. ಇಂಗ್ಲಿಷೂ ಓದುತ್ತೀರಿ, ರೈಲು ಪಾರ್ಕು ಅಂತ ಅಲೆಯುತ್ತೀರಿ ಅಂದರೆ ಕಣ್ಣುಮುಚ್ಚಿ ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಅರ್ಧ ಕಬ್ಬನ್ ಪಾರ್ಕಿನ ಬಿಸಿಲಿಗೆ.

ಪಟ್ಟಿಯಲ್ಲಿ ಪುತ್ತೂರು ಬಾಕಿ ಇದೆ. ಕಾರಂತರ ಬಾಲವನಕ್ಕೆ ಈ ಮಳೆಗಾಲದಲ್ಲೇ ಹೋಗೋದು ಅಂತ ಅಕ್ಕನೂ ಹೊರಟಿದ್ದಾಳೆ. ಕಾರಂತರ ಕಾದಂಬರಿ ಕಾಗದದ್ದು ಅವಳ ಚೀಲದಲ್ಲಿ, ಇ-ರೀಡರ್ ನನ್ನ ಚೀಲದಲ್ಲಿ. ಜಿಪ್ ಕವರ್ ಎರಡು ತಂದಿಟ್ಟಿದ್ದೇನೆ, ಅವಳ ಪುಸ್ತಕಕ್ಕೆ ದೊಡ್ಡದು.