ಸುವರ್ಣಪ್ರಾಶನದ ಹನಿಗಳು: 15 ತಿಂಗಳ ಬಳಕೆಯ ನಂತರ

ನಮ್ಮ ಎರಡನೆಯ ಮಗುವಿಗೆ ಐದು ತಿಂಗಳು ತುಂಬಿದ ವಾರ ಸುವರ್ಣಪ್ರಾಶನವನ್ನು, ಅಂದರೆ ಚಿನ್ನದ ಭಸ್ಮ ಬೆರೆಸಿ ಮಕ್ಕಳಿಗೆ ಕೊಡುವ ಆಯುರ್ವೇದದ ಹನಿಗಳನ್ನು, ಆರಂಭಿಸಿದೆವು. ಈಗ ಅವನಿಗೆ ಎರಡು ವರ್ಷ. ನಡುವೆ ನಾಲ್ಕು ತಿಂಗಳು ನಿಲ್ಲಿಸಿದ್ದೆವು. ಈ ವಿಮರ್ಶೆಯನ್ನು ಬರೆಯಲು ಮುಖ್ಯ ಕಾರಣವೂ ಆ ನಾಲ್ಕು ತಿಂಗಳೇ. ಹಿರಿಯ ಮಗಳಿಗೆ ಎರಡನೆಯ ವರ್ಷವಿಡೀ ನೆಗಡಿ, ಕೆಮ್ಮು ಬಿಟ್ಟೂಬಿಡದೆ ಕಾಡಿದ್ದರಿಂದ, ಇವನಿಗಾದರೂ ರೋಗನಿರೋಧಕ ಶಕ್ತಿ ಚೆನ್ನಾಗಿರಲಿ ಎಂಬ ಆಸೆ ನಮ್ಮದಾಗಿತ್ತು. ಪ್ರತಿ 27 ದಿನಗಳಿಗೊಮ್ಮೆ ಬರುವ ಪುಷ್ಯ ನಕ್ಷತ್ರದಂದು ಮನೆಯ ಹತ್ತಿರದ ಆಯುರ್ವೇದ ಚಿಕಿತ್ಸಾಲಯದಲ್ಲಿ ಒಂದು ಸಲ, ಉಳಿದ ದಿನಗಳಲ್ಲಿ ಅವರೇ ಸೂಚಿಸಿದ ಸೀಸೆಯಿಂದ ಬೆಳಿಗ್ಗೆ ಎರಡು ಹನಿ, ಇದು ನಮ್ಮ ಕ್ರಮವಾಗಿತ್ತು. 480 ರೂಪಾಯಿಯ ಸೀಸೆ ಸುಮಾರು ಎರಡು ತಿಂಗಳು ಬರುತ್ತಿದ್ದುದರಿಂದ ಖರ್ಚು ನಮಗೆ ಭಾರವೆನಿಸಲಿಲ್ಲ.

ಆ ಬೆಳಗಿನ ಹೊತ್ತು ನಮ್ಮ ಮನೆಗೆ ತಂದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಚಳಿಗಾಲದಲ್ಲಿ ಸೀಸೆಯೊಳಗಿನ ತುಪ್ಪ ಗಟ್ಟಿಯಾಗಿ ಮೇಲೆ ಬಿಳಿಯ ಪದರವಾಗಿ ನಿಲ್ಲುತ್ತಿತ್ತು, ಕಂದುಬಣ್ಣದ ದ್ರವ ಕೆಳಗೆ ಇಳಿದಿರುತ್ತಿತ್ತು. ಬಿಸಿನೀರಿನಲ್ಲಿ ಇಡಬಾರದೆಂದು ವೈದ್ಯರು ಹೇಳಿದ್ದರಿಂದ, ಅತ್ತೆಯವರು ಸ್ನಾನ ಮುಗಿಸಿ ಬಂದು, ಸೀಸೆಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಉರುಳಿಸುತ್ತಾ ಕುಳಿತಿರುತ್ತಿದ್ದರು. ಆಗಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಪದರಗಳ ನಡುವಿನ ಗೆರೆ ಮಾಯವಾಯಿತೇ ಎಂದು ನೋಡುತ್ತಿದ್ದರು. ಮಗು ಅಷ್ಟರಲ್ಲಿ ಅವರ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ನಾಲಿಗೆಯ ಮೇಲೆ ಹನಿ ಬಿದ್ದ ಕೂಡಲೇ ತುಟಿ ಚಪ್ಪರಿಸಿ ಮತ್ತೆ ಬಾಯಿ ತೆರೆಯುತ್ತಿತ್ತು. ಮಂಡಿನೋವಿನಿಂದ ಹೆಚ್ಚು ಓಡಾಡಲಾಗದ ಅತ್ತೆಯವರಿಗೆ ಮೊಮ್ಮಗನ ಆರೈಕೆಯಲ್ಲಿ ತಮ್ಮದೇ ಆದ ಒಂದು ಪಾಲು ಸಿಕ್ಕಿತ್ತು.

ಒಂಬತ್ತನೆಯ ತಿಂಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿಸಲು ಮಕ್ಕಳ ವೈದ್ಯೆಯ ಬಳಿಗೆ ಹೋದಾಗ, ಮಗುವಿಗೆ ಬೇರೇನಾದರೂ ಕೊಡುತ್ತಿದ್ದೀರಾ ಎಂದು ಅವರು ವಿಚಾರಿಸಿದರು. ನಾನು ಚೀಲದಿಂದ ಸೀಸೆಯನ್ನು ತೆಗೆದು ಕೊಟ್ಟೆ. ಅವರು ಘಟಕಗಳ ಪಟ್ಟಿಯನ್ನು ಬೆರಳಿಟ್ಟು ಓದಿ, "ಇದರಲ್ಲಿ ಜೇನುತುಪ್ಪ ಇದೆಯಲ್ಲಮ್ಮಾ, ವರ್ಷ ತುಂಬುವವರೆಗೆ ಕೊಡಬಾರದು" ಎಂದರು. ಬ್ರಾಹ್ಮಿ, ಶಂಖಪುಷ್ಪಿ, ಬಜೆ, ಯಷ್ಟಿಮಧು, ಅದರ ಪಕ್ಕದಲ್ಲೇ ಮಧು. ಸಣ್ಣ ಅಕ್ಷರಗಳ ಆ ಸಾಲನ್ನು ನಾನು ಹಲವು ಸಲ ಓದಿದ್ದೆ. ಯಷ್ಟಿಮಧು ಎಂದರೆ ಜ್ಯೇಷ್ಠಮಧುವೆಂದು ತಿಳಿದಿದ್ದ ನನ್ನ ಕಣ್ಣು ಅದರ ಮುಂದಿನ ಎರಡಕ್ಷರದ ಪದದ ಮೇಲೆ ನಿಂತಿರಲೇ ಇಲ್ಲ. ನಿಂತಿದ್ದರೂ ಆಗ ನನಗೆ ಅಂಜಿಕೆಯಾಗುತ್ತಿರಲಿಲ್ಲ, ಏಕೆಂದರೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಮನೆಯಲ್ಲೇ ನಾನು ಬೆಳೆದವಳು.

ವೈದ್ಯೆ ಹೇಳಿದ್ದನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನನಗೆ ಇದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಜೇನುತುಪ್ಪದಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಇತರ ಸೂಕ್ಷ್ಮಜೀವಿಗಳು ಅವನ್ನು ಬೆಳೆಯಲು ಬಿಡುವುದಿಲ್ಲ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಪೂರ್ತಿಯಾಗಿ ಬಂದಿರುವುದಿಲ್ಲವಾದ್ದರಿಂದ ಬೀಜಕಗಳು ಮೊಳೆತು ನರಗಳನ್ನು ಕುಗ್ಗಿಸುವ ವಿಷವನ್ನು ಉತ್ಪಾದಿಸಬಹುದು. ಮೊದಲು ಮಲಬದ್ಧತೆ, ಆಮೇಲೆ ಕ್ಷೀಣವಾದ ಅಳು, ಜೋತುಬಿದ್ದ ಕಣ್ಣೆವೆ, ಹಾಲು ಚೀಪಲು ಆಗದ ನಿಶ್ಶಕ್ತಿ, ಕೊನೆಗೆ ಉಸಿರಾಟಕ್ಕೇ ತೊಂದರೆ. ಅಪರೂಪದ ಕಾಯಿಲೆಯಾದರೂ ಪ್ರಾಣಾಪಾಯ ಇರುವಂಥದ್ದು. ಶಿಶುಗಳಲ್ಲಿ ಇದನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ಕುದಿಸಿದರೂ ಈ ಬೀಜಕಗಳು ಸಾಯುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಏನನ್ನೂ ಕೊಡಬಾರದಾಗಿತ್ತು ಎಂಬ ಮಾತನ್ನೂ ಅವರು ಬೇಸರಿಸಿಕೊಳ್ಳದೆ ಹೇಳಿದರು.

ಹಿಂದಿನ ವಾರವಷ್ಟೇ ಮಗು ನಾಲ್ಕು ದಿನ ಮಲವಿಸರ್ಜನೆ ಮಾಡಿರಲಿಲ್ಲ. ವೈದ್ಯೆ ಪರೀಕ್ಷಿಸಿ, ಇದು ಗಟ್ಟಿ ಆಹಾರ ಶುರುವಾದಾಗ ಆಗುವಂಥದ್ದು, ಹೆದರಬೇಡಿ ಎಂದರು. ಆದರೂ ಆ ರಾತ್ರಿ ನಾನು ಎರಡೆರಡು ಗಂಟೆಗೊಮ್ಮೆ ಎದ್ದು, ಅವನ ಅಳುವಿನ ಧ್ವನಿ ಎಂದಿನಂತೆ ಇದೆಯೇ ಎಂದು ಕೇಳಿಸಿಕೊಂಡೆ.

ನನ್ನ ದೂರು ಔಷಧದ ಮೇಲಿಗಿಂತ ಅದರ ಡಬ್ಬಿಯ ಮೇಲೆ ಹೆಚ್ಚು. "ಹುಟ್ಟಿನಿಂದ 16 ವರ್ಷದವರೆಗೆ" ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುವವರು, ಜೇನು ಇದೆ, ವರ್ಷದೊಳಗಿನ ಮಗುವಿಗೆ ಬೇಡ ಎಂಬ ಒಂದು ಸಾಲನ್ನು ಹಾಕುವುದಿಲ್ಲವೆಂದರೆ ಅದು ಸಣ್ಣ ಲೋಪವಲ್ಲ. ಚಿಕಿತ್ಸಾಲಯದ ವೈದ್ಯರಿಗೂ ಇದನ್ನು ಹೇಳಿದೆ. ಮೊದಲು ಅವರು ಮಕ್ಕಳ ಆರೈಕೆಯ ಹಳೆಯ ಆಯುರ್ವೇದ ಗ್ರಂಥವಾದ ಕಾಶ್ಯಪ ಸಂಹಿತೆಯನ್ನು ಮುಂದಿಟ್ಟರು. ಚಿನ್ನವನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಜೇನು, ತುಪ್ಪದೊಂದಿಗೆ ನೆಕ್ಕಿಸುವ ವಿಧಾನ ಅದರಲ್ಲಿ ಇರುವುದು ನಿಜ. ಆದರೆ ಮುಂದಿನ ಪುಷ್ಯದಂದು ಸರದಿಯಲ್ಲಿ ನಿಂತಾಗ, ಪ್ರತಿ ಮಗುವಿನ ವಯಸ್ಸು ಕೇಳಿ, ವರ್ಷದೊಳಗಿನವರನ್ನು ಅವರು ವಾಪಸು ಕಳುಹಿಸುತ್ತಿರುವುದನ್ನು ನಾನೇ ಕಂಡೆ. ಲಸಿಕೆಯನ್ನು ತಪ್ಪಿಸಿ ಎಂದು ಅವರು ಎಂದೂ ಹೇಳಿದವರಲ್ಲ. ಅವರ ಮೇಲಿದ್ದ ಕೋಪ ಅಲ್ಲಿಗೆ ಇಳಿಯಿತು.

ಹುಟ್ಟುಹಬ್ಬ ಕಳೆದು ಒಂದು ತಿಂಗಳಿಗೆ, ಮಕ್ಕಳ ವೈದ್ಯೆಗೆ ತಿಳಿಸಿಯೇ, ಮತ್ತೆ ಆರಂಭಿಸಿದೆವು, ಆದರೆ ಪುಷ್ಯದ ದಿನ ಮಾತ್ರ. ಪ್ರತಿದಿನದ ಸೀಸೆಯನ್ನು ಕೈಬಿಟ್ಟೆವು, ಏಕೆಂದರೆ ಸೀಸ, ಪಾದರಸ, ಆರ್ಸೆನಿಕ್‌ಗಳ ಪರೀಕ್ಷಾ ವರದಿಯನ್ನು ಕೇಳಿ ತಯಾರಕರಿಗೆ ಎರಡು ಸಲ ಬರೆದರೂ ಉತ್ತರ ಬರಲಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೋಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಈ ಲೋಹಗಳು ಸಿಕ್ಕಿದ್ದವು. ಅದನ್ನು ಓದಿದ ಮೇಲೆ ವರದಿಯಿಲ್ಲದ ಭಸ್ಮವನ್ನು ದಿನವೂ ಕೊಡಲು ನನಗೆ ಮನಸ್ಸು ಬರಲಿಲ್ಲ.

ರೋಗನಿರೋಧಕ ಶಕ್ತಿ ಹೆಚ್ಚಿತೇ ಎಂದು ಕೇಳುವವರಿಗೆ ನನ್ನ ಬಳಿ ಇರುವುದು ಒಂದು ನೋಟ್‌ಪುಸ್ತಕ ಮಾತ್ರ. ಎರಡನೆಯ ವರ್ಷದಲ್ಲಿ ಮಗಳಿಗೆ 8 ಸಲ ನೆಗಡಿಯಾಗಿತ್ತು, ಮಗನಿಗೆ 7 ಸಲ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜವೆಂದು ವೈದ್ಯೆ ಹೇಳುತ್ತಾರೆ. ಹಾಗಿರುವಾಗ ಆ ಒಂದು ನೆಗಡಿಯ ವ್ಯತ್ಯಾಸವನ್ನು ಚಿನ್ನದ ಲೆಕ್ಕಕ್ಕೆ ಬರೆಯಲು ನನ್ನಿಂದಾಗದು.

ಕಳೆದ ತಿಂಗಳು ನಾದಿನಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ಪುಷ್ಯ ಯಾವತ್ತು ಎಂದು ಅವಳು ಕೇಳಿದಾಗ ಅತ್ತೆಯವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡಲಿಲ್ಲ. "ಇದಕ್ಕೆ ವರ್ಷ ತುಂಬಲಿ, ಆಮೇಲೆ ನಾನೇ ಹೇಳಿಕಳಿಸ್ತೀನಿ" ಎಂದು ಹೇಳಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು.