ಮಿಲಿಟರಿಯಲ್ಲಿದ್ದ ಅಪ್ಪನಿಗೊಂದು ಸಮಾಧಿ ಕಲ್ಲು: ಲೇಸರ್, ಮರಳು, ಉಳಿ – ಯಾವುದು ನಿಲ್ಲುತ್ತದೆ?

ಹದಿನೇಳೋ ಇಪ್ಪತ್ತನಾಲ್ಕೋ ವರ್ಷ ಸೈನ್ಯ, ಆಮೇಲೆ ಮನೆ, ಮಕ್ಕಳು, ಭಾನುವಾರ ತಪ್ಪದ ಚರ್ಚು. ಇಂಥವರು ತೀರಿಕೊಂಡ ಮೇಲೆ ಮನೆಯವರು ಕಲ್ಲಿನ ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ಒಂದು ಆಲ್ಬಮ್. ಕಪ್ಪು ಗ್ರಾನೈಟಿನ ಮೇಲೆ ಸಮವಸ್ತ್ರದ ಫೋಟೊ, ಪಕ್ಕದಲ್ಲಿ ತ್ರಿವರ್ಣ ಧ್ವಜ, ಮೇಲೆ ಏಸುವಿನ ಮುಖ, ಕೆಳಗೆ ಮಕ್ಕಳು ಸೊಸೆಯಂದಿರು ಅಳಿಯಂದಿರ ಹೆಸರು. ಅಂಗಡಿಯ ದೀಪದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಲ್ಲು ನಿಲ್ಲಬೇಕಾದದ್ದು ಬಿಸಿಲಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಮೇಣದ ಬತ್ತಿಯ ಹೊಗೆಯಲ್ಲಿ. ಆ ಲೆಕ್ಕದಲ್ಲಿ ನೋಡಿದರೆ ಆಲ್ಬಮ್ಮಿನ ಮುಕ್ಕಾಲು ಪಾಲು ಮಾದರಿಗಳಿಗೆ ಕೊಡುವ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ಹಣ ಹೋಗಬೇಕಾದದ್ದು ಅಡಿಪಾಯಕ್ಕೆ ಮತ್ತು ಅಕ್ಷರದ ಆಳಕ್ಕೆ. ಫೋಟೊ ಆಮೇಲಿನ ಮಾತು.

ಮೊದಲು ಕಲ್ಲು. ಅಂಗಡಿಯವರು ‘ಜೆಟ್ ಬ್ಲ್ಯಾಕ್’ ಎನ್ನುವ ಕಪ್ಪು ಕಲ್ಲು ಕರ್ನಾಟಕದಲ್ಲಿ ಹೆಚ್ಚಾಗಿ ಚಾಮರಾಜನಗರ, ಕನಕಪುರದ ಕಡೆಯದು. ಭೂವಿಜ್ಞಾನದಲ್ಲಿ ಇದು ಗ್ರಾನೈಟೇ ಅಲ್ಲ, ಡೊಲೆರೈಟ್. ಕಣ ಸಣ್ಣದು, ಕಲ್ಲು ಭಾರ, ನೀರು ಹೀರುವುದು ತೀರಾ ಕಡಿಮೆ. ಸಮಾಧಿಗೆ ಇದಕ್ಕಿಂತ ಒಳ್ಳೆಯ ಕಲ್ಲು ನಮ್ಮಲ್ಲಿ ಸಿಗುವುದು ಕಷ್ಟ. ಮೋಸ ಇರುವುದು ಬೂದು ಬಣ್ಣದ ಕಲ್ಲಿಗೆ ಕಪ್ಪು ಬಣ್ಣವನ್ನೋ ಎಣ್ಣೆಯನ್ನೋ ತಿಕ್ಕಿ ಮಾರುವುದರಲ್ಲಿ. ಪರೀಕ್ಷೆ ಸುಲಭ: ಬಿಳಿ ಹತ್ತಿಗೆ ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ) ಹಾಕಿ ಕಲ್ಲಿನ ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿ. ಹತ್ತಿ ಕಪ್ಪಾದರೆ ಆ ಕಲ್ಲು ಬೇಡ. ಪಾಲಿಶ್ ಮಾಡದ ಹಿಂಬದಿಗೆ ನಾಲ್ಕು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಬೇಗ ಒದ್ದೆಯಾಗಿ ಹರಡಿದರೂ ಅನುಮಾನ ಪಡಬೇಕು.

ಬಿಳಿ ಅಮೃತಶಿಲೆ ಕೇಳುವವರು ಈಗಲೂ ಇದ್ದಾರೆ. ಒಳಾಂಗಣಕ್ಕೆ ಸರಿ. ಬಯಲಿನಲ್ಲಿ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ಮಳೆನೀರಿನ ಸಣ್ಣ ಆಮ್ಲಕ್ಕೂ ಮೇಲ್ಮೈ ಸವೆಯುತ್ತದೆ. ಕರಾವಳಿಯಲ್ಲಿ ಎರಡು ಮಳೆಗಾಲಕ್ಕೆ ಪಾಚಿ ಹಿಡಿದು ಹಸಿರಾಗುತ್ತದೆ, ಪಾಚಿ ತೆಗೆಯಲೆಂದು ಯಾರಾದರೂ ಕಕ್ಕಸು ತೊಳೆಯುವ ಆಸಿಡ್ ಹಾಕಿದರೆ ಅಕ್ಷರದ ಅಂಚೇ ಕರಗಿಹೋಗುತ್ತದೆ. ಇಳಕಲ್ಲಿನ ಕೆಂಪು ಕಲ್ಲು ಗಟ್ಟಿ, ನೋಡಲೂ ಚೆಂದ. ಆದರೆ ಅದರ ಮೇಲೆ ಸಣ್ಣ ಅಕ್ಷರ ಎದ್ದು ಕಾಣುವುದಿಲ್ಲ. ಕಟ್ಟೆಯ ಸುತ್ತಲೂ ಅದನ್ನು ಬಳಸಿ, ಬರಹದ ಫಲಕಕ್ಕೆ ಕಪ್ಪು ಕಲ್ಲು ಇಡಿ.

ಇನ್ನು ಅಕ್ಷರ. ಈಗ ಎಲ್ಲ ಅಂಗಡಿಯಲ್ಲೂ ಮೊದಲು ತೋರಿಸುವುದು ಲೇಸರ್. ಪಾಲಿಶ್ ಆದ ಕಪ್ಪು ಮೇಲ್ಮೈಯನ್ನು ಲೇಸರ್ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ, ಒಡೆದ ಕಡೆ ಬಿಳಿಬೂದು ಕಾಣುತ್ತದೆ. ಅಂದರೆ ಅದು ಕೆತ್ತನೆಯಲ್ಲ, ಗೀರು. ಆಳ ಒಂದು ಮಿಲಿಮೀಟರೂ ಇರುವುದಿಲ್ಲ. ಒಣಗಿದ ಕಲ್ಲಿನಲ್ಲಿ ಸೊಗಸು. ಕಲ್ಲು ಒದ್ದೆಯಾದರೆ ಬೂದು ಬಣ್ಣ ಅಡಗಿ ಚಿತ್ರ ಅರ್ಧ ಮಾಯವಾಗುತ್ತದೆ. ಕೊಳವೆಬಾವಿ ನೀರಿನಿಂದ ತೊಳೆಯುತ್ತಾ ಹೋದರೆ ಸುಣ್ಣದ ಬಿಳಿ ಪೊರೆ ಕಟ್ಟಿ ಗೀರಿಗೂ ಕಲ್ಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮುಖಚಿತ್ರಕ್ಕೆ ಲೇಸರ್ ಒಪ್ಪಬಹುದು, ಹೆಸರಿಗೆ ಮಾತ್ರ ಬೇಡ.

ಮರಳಿನ ಕೊರೆತ, ಅಂದರೆ ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ ಗಾಳಿಯ ಒತ್ತಡದಲ್ಲಿ ಕಣಗಳನ್ನು ಬಡಿಸುವುದು, ಎರಡರಿಂದ ನಾಲ್ಕು ಮಿಲಿಮೀಟರ್ ಆಳ ಕೊಡುತ್ತದೆ. ಬೆಲೆಗೂ ಬಾಳಿಕೆಗೂ ಇದೇ ಮಧ್ಯಮ ದಾರಿ. ಆದರೆ ಕನ್ನಡಕ್ಕೆ ಇದರಲ್ಲೊಂದು ತೊಡಕಿದೆ. ಮಹಾಪ್ರಾಣದ ಸಣ್ಣ ಸೀಳು ರಬ್ಬರಿನಲ್ಲಿ ನಿಲ್ಲದೆ ಕಿತ್ತುಬರುತ್ತದೆ. ‘ಯೋಧ’ ಹೋಗಿ ‘ಯೋದ’ ಆಗುತ್ತದೆ, ‘ಜೋಸೆಫ್’ ‘ಜೋಸೆಪ್’ ಆಗುತ್ತಾನೆ. ಅಕ್ಷರದ ಎತ್ತರ ಒಂದು ಇಂಚಿಗಿಂತ ಕಡಿಮೆಯಾದರೆ ಈ ಅಪಾಯ ಜಾಸ್ತಿ. ಒಂದೂಕಾಲು ಇಂಚು ಇಟ್ಟರೆ ಸೀಳೂ ಉಳಿಯುತ್ತದೆ, ಎಂಟು ಅಡಿ ದೂರದಿಂದ ಓದಲೂ ಬರುತ್ತದೆ.

ಉಳಿ ಕೆತ್ತನೆ ದುಬಾರಿ, ನಿಧಾನ, ಮಾಡುವವರೂ ಕಡಿಮೆಯಾಗಿದ್ದಾರೆ. ಆದರೂ ಹೆಸರು, ಇಸವಿ ಇಷ್ಟಕ್ಕಾದರೂ ಇದನ್ನೇ ಮಾಡಿಸಬೇಕೆಂಬುದು ನಮ್ಮ ಮತ. ಇಂಗ್ಲಿಷಿನ ‘ವಿ’ ಆಕಾರದಲ್ಲಿ ಮೂರರಿಂದ ಐದು ಮಿಲಿಮೀಟರ್ ಕಡಿದ ಗೆರೆಯಲ್ಲಿ ಬಣ್ಣ ಹೋದರೂ ನೆರಳು ಉಳಿಯುತ್ತದೆ, ಆ ನೆರಳೇ ಅಕ್ಷರವನ್ನು ಓದಿಸುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ‘ಬೆಂಗಳೂರು’ ಎಂಬ ಹೆಸರಿರುವ, ಸುಮಾರು ಕ್ರಿ.ಶ. 890ರ ವೀರರ ಶಾಸನವನ್ನು ಇವತ್ತೂ ಓದಬಹುದಾದರೆ ಅದಕ್ಕೆ ಉಳಿಯೇ ಕಾರಣ. ಕಾದಿದವನಿಗೆ ಕಲ್ಲು ನಿಲ್ಲಿಸುವುದು ಈ ನಾಡಿಗೆ ಹೊಸದೂ ಅಲ್ಲ. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ಮೇಲೆ ದೇವರ ಸನ್ನಿಧಿ. ಸೈನಿಕನ ಸಮಾಧಿಯ ಮೇಲೆ ಶಿಲುಬೆ, ಅದರ ಕೆಳಗೆ ರೆಜಿಮೆಂಟಿನ ಹೆಸರು ಇಡುವ ಕ್ರಮಕ್ಕೂ ಅದಕ್ಕೂ ದೂರವೇನಿಲ್ಲ.

ದರ ಕೇಳುವಾಗ ಒಂದು ಮಾತು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಉಳಿ ಕೆಲಸಕ್ಕೆ ಅಕ್ಷರಕ್ಕಿಷ್ಟು ಎಂದು ಲೆಕ್ಕ. ‘ಕ್ರಿಸ್ತ’ ಎಂಬುದು ಎರಡು ಅಕ್ಷರವೋ ನಾಲ್ಕೋ? ಒತ್ತಕ್ಷರವನ್ನು ಬೇರೆ ಎಣಿಸುವವರಿದ್ದಾರೆ, ಎಣಿಸದವರೂ ಇದ್ದಾರೆ. ಕೆಲಸ ಮುಗಿದ ಮೇಲೆ ಜಗಳವಾಗುವುದು ಇದರ ಮೇಲೆಯೇ. ಪೂರ್ತಿ ಬರಹಕ್ಕೆ ಒಟ್ಟು ಮೊತ್ತ, ಸಾಗಣೆ ಮತ್ತು ಕೂರಿಸುವ ಕೂಲಿ ಸೇರಿಸಿ, ಚೀಟಿಯಲ್ಲಿ ಬರೆಸಿಕೊಳ್ಳುವುದು ವಾಸಿ.

ಬರಹಕ್ಕೆ ಎಷ್ಟು ಜಾಗ ಸಿಗುತ್ತದೆ ಎಂಬುದನ್ನು ಯಾರೂ ಮೊದಲು ಅಳೆಯುವುದಿಲ್ಲ. ತಲೆಗಲ್ಲು ಎರಡು ಅಡಿ ಅಗಲ, ಮೂರು ಅಡಿ ಎತ್ತರ ಎಂದಿಟ್ಟುಕೊಳ್ಳಿ. ಎರಡೂ ಬದಿ ಎರಡೆರಡು ಇಂಚು ಅಂಚು ಬಿಟ್ಟರೆ ಉಳಿಯುವುದು 20 ಇಂಚು. ಒಂದೂಕಾಲು ಇಂಚಿನ ಕನ್ನಡ ಅಕ್ಷರಕ್ಕೆ ಎಡೆ ಸೇರಿ ಒಂದೂವರೆ ಇಂಚು ಅಗಲ ಬೇಕು. ಹಾಗಾಗಿ ಸಾಲಿಗೆ 13 ಅಕ್ಷರ. ಮೇಲಿನ 10 ಇಂಚು ಶಿಲುಬೆಗೆ, ಕೆಳಗಿನ 6 ಇಂಚು ಮಳೆಯಲ್ಲಿ ಕೆಸರು ಸಿಡಿಯುವ ಜಾಗ, ಖಾಲಿ ಬಿಡಬೇಕು. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿಗೆ ಸಾಲಿಗೆ ಎರಡೂವರೆ ಇಂಚು ಕೊಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಉಳಿದ 20 ಇಂಚಿಗೆ ಎಂಟೇ ಸಾಲು. ಒಂದು ಬದುಕನ್ನು ಇಷ್ಟರಲ್ಲೇ ಹೇಳಬೇಕು.

ಎಂಟು ಸಾಲಿನಲ್ಲಿ ಮೂರನ್ನು ಮುಟ್ಟಲೇಬೇಡಿ. ಹೆಂಡತಿ ಬದುಕಿದ್ದರೆ ಆ ಸಾಲುಗಳು ಅವರವು. ನೆಟ್ಟ ಕಲ್ಲಿನಲ್ಲಿ ಮುಂದೆ ಸೇರಿಸುವುದು ಕಷ್ಟದ ಕೆಲಸ, ಅಕ್ಷರದ ಅಚ್ಚು ಹೊಂದುವುದೂ ಅಪರೂಪ. ಅದಕ್ಕೇ ಈಗ ಬಳಸಿದ ಅಕ್ಷರ ವಿನ್ಯಾಸದ ಕಾಗದದ ಪ್ರತಿಯನ್ನು ಅಳತೆ ಸಮೇತ ಮನೆಯಲ್ಲಿ ಇಟ್ಟುಕೊಳ್ಳಬೇಕು. ಉಳಿದ ಐದರಲ್ಲಿ ಹೆಸರು ಎರಡು ಸಾಲು, ಹುದ್ದೆ ಮತ್ತು ರೆಜಿಮೆಂಟ್ ಒಂದು, ಹುಟ್ಟಿದ ಮತ್ತು ತೀರಿಕೊಂಡ ಇಸವಿ ಒಂದು. ಐದನೆಯದೇ ಅಸಲಿ ಪ್ರಶ್ನೆ. ‘ದೈವಭಕ್ತ’, ‘ಪ್ರೀತಿಯ ತಂದೆ’ ಎಂದು ಎಲ್ಲ ಕಲ್ಲಿನ ಮೇಲೂ ಇರುತ್ತದೆ. ‘ಚರ್ಚಿನ ಗಂಟೆ ಬಾರಿಸಿದವರು’ ಎಂದರೆ ಅದು ಒಬ್ಬರದೇ ಕಲ್ಲು. ಮಕ್ಕಳ ಹೆಸರಿನ ಪಟ್ಟಿ ಬೇಡ. ‘ನಾಲ್ವರು ಮಕ್ಕಳ ಅಪ್ಪ’ ಎಂದರೆ ಸಾಲೂ ಉಳಿಯುತ್ತದೆ, ಯಾರ ಹೆಸರು ಮೊದಲು ಎಂಬ ತಕರಾರೂ ಇರುವುದಿಲ್ಲ.

ಬೈಬಲ್ಲಿನ ವಾಕ್ಯ ಬೇಕೆಂದರೆ ಸೈನಿಕರಿಗೆ ಹೆಚ್ಚಾಗಿ ಆರಿಸುವುದು 2 ತಿಮೊಥೆ 4:7, ಒಳ್ಳೆಯ ಹೋರಾಟ ಮಾಡಿ ಮುಗಿಸಿದ್ದೇನೆ ಎಂಬರ್ಥದ ಮಾತು. ಪೂರ್ತಿ ವಾಕ್ಯ ಉಳಿದ ಒಂದು ಸಾಲಿನಲ್ಲಿ ಕೂರುವುದಿಲ್ಲ, ಅಧ್ಯಾಯ ಸಂಖ್ಯೆ ಸಾಕು. ವಾಕ್ಯವನ್ನೇ ಹಾಕಿಸುವುದಾದರೆ ಮನೆಯವರು ಓದುವ ಬೈಬಲ್ಲಿನಿಂದಲೇ ಬರೆದುಕೊಡಿ. ಪ್ರೊಟೆಸ್ಟೆಂಟರ ಹಳೆಯ ಕನ್ನಡ ಅನುವಾದಕ್ಕೂ ಕಥೋಲಿಕರ ಅನುವಾದಕ್ಕೂ ಮಾತು ಬೇರೆ ಬೇರೆ. ಅಂಗಡಿಯ ಕಂಪ್ಯೂಟರಿನಲ್ಲಿರುವುದನ್ನು ಒಪ್ಪಿಕೊಂಡರೆ ಎರಡೂ ಕಲಬೆರಕೆಯಾಗಿ ಬರುತ್ತದೆ.

ಸೈನ್ಯದ ವಿವರಗಳಲ್ಲಿ ತಪ್ಪುಗಳು ಬಹಳ. ಹುದ್ದೆಯನ್ನು ಡಿಸ್ಚಾರ್ಜ್ ಬುಕ್ ಅಥವಾ ಪಿಂಚಣಿ ಆದೇಶ ನೋಡಿ ಬರೆಯಬೇಕು, ನೆನಪಿನಿಂದ ಬೇಡ. ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ನಡುವೆ ವ್ಯತ್ಯಾಸವಿದೆ. ‘ಹಾನರರಿ ಕ್ಯಾಪ್ಟನ್’ ಗೌರವ ಹುದ್ದೆ, ಆ ‘ಹಾನರರಿ’ಯನ್ನು ನುಂಗಬಾರದು. ‘ನಿವೃತ್ತ’ ಎಂಬುದು ಸೇನೆಯ ರೂಢಿಯಲ್ಲಿ ಹೆಸರಾದ ಮೇಲೆ ಬರುತ್ತದೆ, ಹುದ್ದೆಗೆ ಅಂಟಿಕೊಂಡು ಅಲ್ಲ. ಯುದ್ಧದ ಹೆಸರು ಹಾಕುವುದಾದರೆ ಪದಕ ನೋಡಿ: 1965ರದಕ್ಕೆ ಸಮರ ಸೇವಾ ಸ್ಟಾರ್, 1971ರದಕ್ಕೆ ಪೂರ್ವಿ ಸ್ಟಾರ್ ಅಥವಾ ಪಶ್ಚಿಮಿ ಸ್ಟಾರ್. ಆ ವರ್ಷ ಸೈನ್ಯದಲ್ಲಿದ್ದರು ಎಂಬ ಮಾತ್ರಕ್ಕೆ ಆ ರಣರಂಗದಲ್ಲಿದ್ದರು ಎಂದಲ್ಲ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ, ಹೀಗೆ ರೆಜಿಮೆಂಟಿನ ಹೆಸರನ್ನು ಪೂರ್ತಿ ಬರೆಸಿ. ಮೊಮ್ಮಕ್ಕಳ ಕಾಲಕ್ಕೆ ಮೂರಕ್ಷರದ ಸಂಕೇತ ಯಾರಿಗೂ ತಿಳಿಯುವುದಿಲ್ಲ.

ಆಲ್ಬಮ್ಮಿನಲ್ಲಿರುವ ತ್ರಿವರ್ಣ ಧ್ವಜವನ್ನು ಬಿಟ್ಟುಬಿಡಿ. ಧ್ವಜದ ಮೇಲೆ ಅಕ್ಷರ ಬರೆಯುವಂತಿಲ್ಲ, ಧ್ವಜ ನೆಲಕ್ಕೆ ತಾಗುವಂತಿಲ್ಲ. ಮಲಗಿಸಿದ ಚಪ್ಪಡಿಯ ಮೇಲೆ ಕೊರೆದರೆ ಎರಡೂ ಆಗುತ್ತದೆ, ಹೂವು ಇಡಲು ಬಂದವರು ಕಾಲೂ ಇಡುತ್ತಾರೆ. ಸಿಂಹಗಳ ರಾಷ್ಟ್ರಲಾಂಛನಕ್ಕೆ 2005ರ ಕಾಯ್ದೆಯೇ ಇದೆ, ಖಾಸಗಿಯಾಗಿ ಬಳಸುವಂತಿಲ್ಲ. ಅಂತ್ಯಕ್ರಿಯೆಯ ದಿನ ಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವುದೂ ಸರಕಾರಿ, ಸೇನಾ ಅಥವಾ ಕೇಂದ್ರ ಅರೆಸೇನಾ ಗೌರವದ ಅಂತ್ಯಕ್ರಿಯೆಗೆ ಮಾತ್ರ. ಹಾಗೆ ಹೊದಿಸಿದಾಗ ಕೇಸರಿ ತಲೆಯ ಕಡೆಗೆ ಬರಬೇಕು, ಗುಂಡಿಗೆ ಇಳಿಸುವ ಮುನ್ನ ತೆಗೆಯಬೇಕು.

ಮುಖಚಿತ್ರದ ಬಗ್ಗೆ ಎರಡು ಮಾತು. ಇಪ್ಪತ್ತೈದರ ಹರೆಯದ ಸಮವಸ್ತ್ರದ ಫೋಟೊವನ್ನೇ ಎಲ್ಲರೂ ಕೊಡುತ್ತಾರೆ. ಲೇಸರ್ ಬರೆಯುವುದು ಬೆಳಕನ್ನು ಮಾತ್ರ, ಕತ್ತಲೆ ಕಲ್ಲಿನದೇ. ಕಡುಬಣ್ಣದ ಟೋಪಿ, ಕಡುಬಣ್ಣದ ಕೋಟು ಇದ್ದರೆ ಎಲ್ಲ ಕಲ್ಲಿನಲ್ಲಿ ಮುಳುಗಿ, ಮುಖವನ್ನು ಎತ್ತಿ ತೋರಿಸಲು ಅಂಗಡಿಯವರು ಅದನ್ನು ಸುಣ್ಣ ಬಳಿದಂತೆ ಮಾಡುತ್ತಾರೆ. ನರೆತ ಕೂದಲಿನ, ಒಂದು ಬದಿಯಿಂದ ಬೆಳಕು ಬಿದ್ದ ಎಪ್ಪತ್ತರ ಫೋಟೊ ಎಷ್ಟೋ ಚೆನ್ನಾಗಿ ಬರುತ್ತದೆ, ಮೊಮ್ಮಕ್ಕಳಿಗೆ ಗುರುತೂ ಸಿಗುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ಪ್ರತಿ ಕೊಡಬೇಡಿ, ಮೂಲ ಫೋಟೊವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಬಣ್ಣದ ಚಿತ್ರವೇ ಬೇಕಿದ್ದರೆ ಕುಲುಮೆಯಲ್ಲಿ ಸುಟ್ಟ ಪಿಂಗಾಣಿ ಬಿಲ್ಲೆ ಮಾತ್ರ ಬಾಳುತ್ತದೆ. ಅಂಟಿಸುವ ಮುದ್ರಿತ ಹಾಳೆ ಬಿಸಿಲಿಗೆ ನೀಲಿಯಾಗುತ್ತದೆ.

ಈಗ ನೆಲದ ಕೆಲಸ. ಕಲ್ಲು ಒಡೆಯುವುದು, ವಾಲುವುದು ಕಲ್ಲಿನ ದೋಷದಿಂದ ಅಲ್ಲ, ಅವಸರದಿಂದ. ತುಂಬಿದ ಮಣ್ಣು ಕುಸಿಯುತ್ತದೆ, ಆಮೇಲೆ ಪೆಟ್ಟಿಗೆಯ ಮುಚ್ಚಳ ಕೊಳೆತು ಇನ್ನೊಮ್ಮೆ ಕುಸಿಯುತ್ತದೆ. ಕನಿಷ್ಠ ಒಂದು ಮಳೆಗಾಲ ಕಳೆಯಲಿ. ಅಲ್ಲಿಯವರೆಗೆ ಮರದ ಶಿಲುಬೆ ಸಾಕು. ಆಮೇಲೆ ಗುಂಡಿಯ ಎರಡೂ ಪಕ್ಕದ ಅಗೆಯದ ನೆಲದ ಮೇಲೆ ತುದಿಗಳು ಕೂರುವಂತೆ ನಾಲ್ಕು ಇಂಚಿನ ಕಬ್ಬಿಣ-ಕಾಂಕ್ರೀಟ್ ಹಾಸು ಹಾಕಿಸಿ, ಅದರ ಮೇಲೆ ಚಪ್ಪಡಿ. ಆರಡಿ ಉದ್ದ ಎರಡೂವರೆ ಅಡಿ ಅಗಲದ ಕಪ್ಪು ಕಲ್ಲು 20 ಮಿಲಿಮೀಟರ್ ದಪ್ಪವಿದ್ದರೂ 80 ಕಿಲೋ ದಾಟುತ್ತದೆ. 50 ಮಿಲಿಮೀಟರ್ ಆದರೆ 200 ಕಿಲೋ. ಕೆಳಗೆ ಟೊಳ್ಳು ಬಿಟ್ಟು ನಾಲ್ಕು ಮೂಲೆಗೆ ಸಿಮೆಂಟ್ ಮುದ್ದೆ ಇಟ್ಟರೆ 20ರ ಚಪ್ಪಡಿ ನಡುವೆ ಸೀಳುತ್ತದೆ.

ತಲೆಗಲ್ಲನ್ನು ಪೀಠಕ್ಕೆ ಕಟ್ಟುವ ಸರಳು ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು, ಸಮುದ್ರದ ಹತ್ತಿರವಾದರೆ 316 ದರ್ಜೆಯದು. ಸಾಮಾನ್ಯ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಅಂಟು ಇಪಾಕ್ಸಿ ಇರಲಿ. ಸಿಮೆಂಟಿನಿಂದ ಬಿಳಿ ಉಪ್ಪು ಒಸರಿ ಕಪ್ಪು ಕಲ್ಲಿನ ಮೇಲೆ ಗೆರೆ ಬೀಳುತ್ತದೆ. ಜಾಗ ಸಾಲದ ನಗರದ ಸ್ಮಶಾನಗಳಲ್ಲಿ ಒಂದೇ ಕುಟುಂಬದ ಗುಂಡಿಯನ್ನು ಮತ್ತೆ ತೆರೆಯುವುದುಂಟು. ಅಲ್ಲಿ ಚಪ್ಪಡಿಯನ್ನು ಅಂಟಿಸಲೇಬಾರದು, ಎರಡು ತುಂಡಾಗಿ ಎತ್ತಲು ಬರುವಂತಿರಬೇಕು. ಇದನ್ನೆಲ್ಲ ಕಲ್ಲಿಗೆ ಮುಂಗಡ ಕೊಡುವ ಮೊದಲು ಚರ್ಚಿನ ಕಚೇರಿಯಲ್ಲಿ ಕೇಳಿ. ಎತ್ತರಕ್ಕೆ ಮಿತಿ ಇದೆಯೇ, ಕಾಯಂ ಸಮಾಧಿಗೆ ಅನುಮತಿ ಉಂಟೇ, ಎಷ್ಟು ವರ್ಷದ ಮೇಲೆ ಗುಂಡಿ ಬೇರೆಯವರಿಗೆ ಹೋಗುತ್ತದೆ, ಎಲ್ಲವೂ ಒಂದೊಂದು ಚರ್ಚಿಗೆ ಒಂದೊಂದು ರೀತಿ.

ಸಮಯದ ವಿಷಯ: ಕಥೋಲಿಕರಲ್ಲಿ ನವೆಂಬರ್ 2 ಸಮಸ್ತ ಮೃತರ ದಿನ. ಅಷ್ಟರೊಳಗೆ ಕಲ್ಲು ನಿಲ್ಲಬೇಕೆಂದು ಎಲ್ಲರೂ ಮಳೆ ನಿಂತ ಕೂಡಲೇ ಅಂಗಡಿಗೆ ಓಡುವುದರಿಂದ ಅಕ್ಟೋಬರಿನ ಕೆಲಸದಷ್ಟು ಕೆಟ್ಟ ಕೆಲಸ ವರ್ಷದಲ್ಲಿ ಇನ್ನೊಂದಿಲ್ಲ. ಕಲ್ಲನ್ನೂ ಬರಹವನ್ನೂ ಜುಲೈನಲ್ಲೇ ಒಪ್ಪಿಸಿ, ನೆಡುವುದನ್ನು ಮಾತ್ರ ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಕೊರೆಯುವ ಮುನ್ನ ಬರಹದ ನಿಜ ಅಳತೆಯ ಕಾಗದವನ್ನು ಗೋಡೆಗೆ ಅಂಟಿಸಿ ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಬೇಕು, ಅವರಲ್ಲಿ ಒಬ್ಬರು ಮನೆಯವರಲ್ಲದವರು. ಹಳೆಯ ಅಕ್ಷರ ತಂತ್ರಾಂಶದಿಂದ ಯಂತ್ರಕ್ಕೆ ಹೋಗುವಾಗ ಅರ್ಕಾವೊತ್ತು ಪಕ್ಕಕ್ಕೆ ಜಿಗಿಯುವುದು, ಒತ್ತು ಬೇರೆ ಅಕ್ಷರಕ್ಕೆ ಅಂಟುವುದು ಪರದೆಯ ಮೇಲೆ ಕಾಣುವುದಿಲ್ಲ, ಕಾಗದದ ಮೇಲೆ ಕಾಣುತ್ತದೆ. ಸಹಿ ಹಾಕುವುದು ಆ ಕಾಗದದ ಮೇಲೆ.