ಹ್ಯೂಸ್ಟನ್ನಿನ ನೆರೆಮನೆಗಳಲ್ಲಿ ಚರ್ಚಿನ ತಂಡದೊಡನೆ ನಾಲ್ಕು ಶನಿವಾರ

ಚಂಡಮಾರುತ ಪರಿಹಾರಕ್ಕೆ ಸ್ವಯಂಸೇವಕರಾಗಿ ಹೋಗಬೇಕೆಂದಿರುವ ಕನ್ನಡಿಗ ಗೆಳೆಯರು ನನ್ನಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಚರ್ಚಿನವರ ತಂಡದಲ್ಲಿ ನಮ್ಮಂಥವರಿಗೆ ಜಾಗವಿದೆಯೇ, ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದವರು ಹೋದರೆ ಏನಾದರೂ ಪ್ರಯೋಜನವಾದೀತೇ? 2017ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪಶ್ಚಿಮ ಹ್ಯೂಸ್ಟನ್ನಿನ ಒಂದು ಚರ್ಚಿನ ತಂಡದೊಡನೆ ನಾಲ್ಕು ಶನಿವಾರ ದುಡಿದ ಅನುಭವದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ. ದೂರುಗಳೂ ಇರುವುದರಿಂದ ಚರ್ಚಿನ ಹೆಸರನ್ನು ಹೇಳುವುದಿಲ್ಲ.

ಆ ವರ್ಷದ ಆಗಸ್ಟ್ 25ರ ರಾತ್ರಿ ಹಾರ್ವಿ ಚಂಡಮಾರುತವು, ಐದನೆಯದೇ ಅತಿ ಭೀಕರವೆನಿಸುವ ಮಾಪನದಲ್ಲಿ ನಾಲ್ಕನೇ ದರ್ಜೆಯ ಬಿರುಸಿನೊಡನೆ, ಟೆಕ್ಸಸ್‌ನ ರಾಕ್‌ಪೋರ್ಟ್ ಬಳಿ ದಡ ಮುಟ್ಟಿತು. ಹಾನಿಯ ಬಹುಪಾಲು ಬಂದದ್ದು ಗಾಳಿಯಿಂದಲ್ಲ. ಚಂಡಮಾರುತವು ಮುಂದೆ ಸಾಗದೆ ಅಲ್ಲಲ್ಲೇ ಸುತ್ತುತ್ತಾ ದಿನಗಟ್ಟಲೆ ಮಳೆ ಸುರಿಸಿದ್ದರಿಂದ. ನೆಡರ್ಲೆಂಡ್ ಎಂಬ ಊರಿನಲ್ಲಿ ದಾಖಲಾದ 60.58 ಇಂಚು ಮಳೆಯು ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವ ಮಳೆಯ ಒಂದೂವರೆ ಪಟ್ಟಿಗೂ ಹೆಚ್ಚು. ನಮ್ಮ ಭಾಗದಲ್ಲಿ ಅಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳಿಂದ ಆಗಸ್ಟ್ 28ರ ನಸುಕಿನಲ್ಲಿ ನೀರು ಬಿಡತೊಡಗಿದ ಮೇಲೆ ಬಫೆಲೊ ಬಾಯು ಹೊಳೆಯ ಪಕ್ಕದ ಅನೇಕ ಮನೆಗಳಲ್ಲಿ ನೀರು ಇಳಿಯಲು ದಿನಗಳೇ ಹಿಡಿದವು. ಅಮೆರಿಕದ ಸಾಮಾನ್ಯ ಗೃಹವಿಮೆಯು ನೆರೆಹಾನಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯೇ ವಿಮೆ ಬೇಕು. ಅದನ್ನು ಮಾಡಿಸದಿದ್ದವರಿಗೆ ಗುತ್ತಿಗೆದಾರರನ್ನು ಕರೆಸುವ ಶಕ್ತಿ ಇರಲಿಲ್ಲ. ಬಿಡಿಗಾಸು ಪಡೆಯದೆ ಮನೆ ಬಾಗಿಲಿಗೆ ಬರುವ ಹತ್ತು ಜನರ ತಂಡಕ್ಕೆ ಅಲ್ಲಿ ಎಂಥ ಬೆಲೆ ಇತ್ತೆಂಬುದನ್ನು ಇದರಿಂದ ಊಹಿಸಬಹುದು.

ಕೆಲಸವನ್ನು ಅವರು 'ಮಕ್-ಔಟ್' ಎನ್ನುತ್ತಾರೆ, ಅಂದರೆ ನೆನೆದದ್ದನ್ನೆಲ್ಲ ಹೊರಗೆ ಹಾಕುವುದು. ಕಾರ್ಪೆಟ್, ಹಾಸಿಗೆ, ಸೋಫಾ ಹೋದ ಮೇಲೆ ನಿಜವಾದ ದುಡಿಮೆ ಆರಂಭವಾಗುತ್ತದೆ. ಇಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ, ಮರದ ಕಂಬಗಳಿಗೆ ಹೊಡೆದ ಶೀಟ್‌ರಾಕ್ ಎಂಬ ಜಿಪ್ಸಮ್ ಹಲಗೆಯದು. ಎರಡು ಅಡಿ ನೀರು ನಿಂತಿದ್ದರೂ ತೇವವು ಬತ್ತಿಯಲ್ಲಿ ಎಣ್ಣೆ ಏರುವಂತೆ ಅದಕ್ಕಿಂತ ಮೇಲೇರಿ, ಒಂದೆರಡು ದಿನಗಳಲ್ಲೇ ಬೂಷ್ಟು ಹಿಡಿಯುತ್ತದೆ. ನಾನು ತಿಳಿಯದೆ ಒದ್ದೆ ಕಂಡಷ್ಟನ್ನೇ ಒಡೆಯಲು ಹೊರಟಾಗ ನಮ್ಮ ತಂಡದ ಮುಖ್ಯಸ್ಥರಾಗಿದ್ದ ನಿವೃತ್ತ ಬಡಗಿ ತಡೆದು, ನೆಲದಿಂದ ಸರಿಯಾಗಿ ನಾಲ್ಕು ಅಡಿಗೆ ಗೆರೆ ಎಳೆದರು. ಹೊಸ ಹಲಗೆಯ ಅಗಲ ನಾಲ್ಕು ಅಡಿ. ಅಡ್ಡಲಾಗಿ ಇಟ್ಟು ಮೊಳೆ ಹೊಡೆದರೆ ಕತ್ತರಿಸುವ ಗೋಜಿಲ್ಲದೆ ಕೂತುಬಿಡುತ್ತದೆ. ಒಡೆಯುವಾಗಲೇ ಮುಂದೆ ಕಟ್ಟುವವನ ಅನುಕೂಲ ನೋಡುವ ಈ ಜಾಣತನ, ಉತ್ಸಾಹದಿಂದ ಓಡಿಬಂದ ನಮ್ಮಂಥ ಹೊಸಬರಲ್ಲಿ ಇರುವಂಥದ್ದಲ್ಲ. ಹಲಗೆಯ ಹಿಂದಿನ ನೆನೆದ ಹತ್ತಿಯಂಥ ಪದರವನ್ನು ಕಿತ್ತು, ಕಂಬಗಳಲ್ಲಿ ಉಳಿದ ಮೊಳೆಗಳನ್ನು ಒಂದೂ ಬಿಡದಂತೆ ತೆಗೆದು, ಮದ್ದು ಸಿಂಪಡಿಸಿ, ಫ್ಯಾನ್ ಹಚ್ಚಿಟ್ಟು ಬರುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಬೀದಿಯಂಚಿನಲ್ಲಿ ಗೋಡೆಯ ಚೂರು, ಫ್ರಿಜ್‌ನಂಥ ಯಂತ್ರ, ಬಣ್ಣ ಮತ್ತು ರಾಸಾಯನಿಕ ಡಬ್ಬಿಗಳನ್ನು ಬೇರೆಬೇರೆ ರಾಶಿ ಮಾಡಬೇಕು. ಬೆರೆತ ರಾಶಿಯನ್ನು ಲಾರಿಯವರು ಮುಟ್ಟದೆ ಹೋಗುವುದುಂಟು.

ಈ ಶಿಸ್ತು ಒಂದೇ ವರ್ಷದಲ್ಲಿ ಬಂದದ್ದಲ್ಲ. ಹಳದಿ ಅಂಗಿಯಿಂದ ಗುರುತಾಗುವ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರ ಪರಿಹಾರ ಕಾರ್ಯವು 1967ರಲ್ಲಿ ಇದೇ ಟೆಕ್ಸಸ್‌ಗೆ ಬ್ಯೂಲಾ ಚಂಡಮಾರುತ ಅಪ್ಪಳಿಸಿದಾಗ ಶುರುವಾಯಿತು. ಮೆನೊನೈಟ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಪರಿಹಾರ ಸಂಸ್ಥೆ 1950ರಷ್ಟು ಹಳೆಯದು. ನಮ್ಮ ತಂಡದ ಹಿರಿಯರು ಇಂಥ ಹತ್ತಾರು ನೆರೆಗಳನ್ನು ಕಂಡವರು. ಯಾವ ವಸ್ತುವನ್ನೂ ಮನೆಯವರನ್ನು ಕೇಳದೆ ಎಸೆಯಬಾರದೆಂಬುದು ಅವರ ಮೊದಲ ನಿಯಮ. ಒದ್ದೆಯಾಗಿ ಅಂಟಿಕೊಂಡ ಫೋಟೋ ಆಲ್ಬಮ್ ಒಂದನ್ನು ನಾನು ಕಸದ ಗಾಡಿಗೆ ಹಾಕಿದ್ದನ್ನು ನೋಡಿ ಒಬ್ಬ ಅಜ್ಜಿ ಅದನ್ನು ಎತ್ತಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ತಮ್ಮ ಮನೆಯ ಫ್ರೀಜರಿಗೆ ಒಯ್ದರು. ಹೆಪ್ಪುಗಟ್ಟಿಸಿಟ್ಟರೆ ಬೂಷ್ಟು ಬೆಳೆಯದೆ, ಬಿಡುವಾದಾಗ ಒಂದೊಂದಾಗಿ ಬಿಡಿಸಬಹುದಂತೆ.

ಇನ್ನು ದೂರುಗಳು. ಮೊದಲ ಶನಿವಾರ ಬೆಳಿಗ್ಗೆ ಏಳಕ್ಕೆ ಬರಹೇಳಿ, ಒಂಬತ್ತೂವರೆಯವರೆಗೆ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದರು. ನಮೂನೆಯಲ್ಲಿ ಕೇಳಿ ಬರೆಸಿಕೊಂಡಿದ್ದ ಕೌಶಲಗಳನ್ನು ಯಾರೂ ಓದಿದಂತಿರಲಿಲ್ಲ: ವಿದ್ಯುತ್ ಕೆಲಸ ಬಲ್ಲವನನ್ನು ನೀರಿನ ಬಾಟಲಿ ಹಂಚಲು ಹಾಕಿದ್ದರು. ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಎನ್95 ಮುಖಗವಸು ಮುಗಿದಿತ್ತು. ಊಟಕ್ಕೆ ಹ್ಯಾಮ್ ಇಲ್ಲವೇ ಟರ್ಕಿ ಮಾಂಸದ ಸ್ಯಾಂಡ್‌ವಿಚ್ ಬಿಟ್ಟರೆ ಚಿಪ್ಸ್ ಮಾತ್ರ. ಎರಡನೆಯ ವಾರದಿಂದ ನಾನು ಚಿತ್ರಾನ್ನದ ಡಬ್ಬಿ ಒಯ್ದೆ. ಇವೆಲ್ಲ ಸಹಿಸಬಹುದಾದವು. ಸಹಾಯವಾಣಿಯಲ್ಲಿ ಮೊದಲ ವಾರ ಇಂಗ್ಲಿಷ್ ಮಾತ್ರ ಇದ್ದದ್ದು ಹಾಗಲ್ಲ. ಸ್ಪ್ಯಾನಿಷ್ ಮತ್ತು ವಿಯೆಟ್ನಾಮಿ ಮಾತಾಡುವವರು ಇಷ್ಟೊಂದಿರುವ ನಗರದಲ್ಲಿ, ಕರೆ ಮಾಡಲಾರದವರ ಮನೆಗಳು ಪಟ್ಟಿಗೇ ಬರಲಿಲ್ಲ.

ಧರ್ಮದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಿಗ್ಗೆ ಎಲ್ಲರೂ ಕೈ ಹಿಡಿದು ಪ್ರಾರ್ಥಿಸುತ್ತಿದ್ದರು. ನಾನು ಸುಮ್ಮನೆ ನಿಂತಿದ್ದೆ, ಯಾರೂ ಏನೂ ಕೇಳಲಿಲ್ಲ. ಯಾವ ಮನೆಗೆ ಮೊದಲು ಹೋಗಬೇಕೆಂಬುದು ವಯಸ್ಸು, ಕಾಯಿಲೆ, ವಿಮೆ ಇಲ್ಲದಿರುವುದು ಇವುಗಳಿಂದ ನಿರ್ಧಾರವಾಗುತ್ತಿತ್ತೇ ಹೊರತು ಆ ಮನೆಯವರು ನಂಬುವ ದೇವರಿಂದಲ್ಲ. ಆದರೆ ಕೆಲಸ ಮುಗಿದ ಮೇಲೆ ತಂಡದವರೆಲ್ಲ ಸಹಿ ಹಾಕಿದ ಬೈಬಲ್ ಒಂದನ್ನು ಮನೆಯವರಿಗೆ ಕೊಡುವ ಪದ್ಧತಿಯಿದೆ. ಗೋಡೆಯ ಮೇಲೆ ಬುದ್ಧನ ಚಿತ್ರ ಇನ್ನೂ ತೂಗುತ್ತಿದ್ದ ಮನೆಯೊಂದರ ಯಜಮಾನರು ಅದನ್ನು ಎರಡೂ ಕೈ ಚಾಚಿ ಸ್ವೀಕರಿಸಿದರು. ಕೊಡುವವರಲ್ಲಿ ಕಪಟ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಆದರೂ ಎಂಟು ಗಂಟೆ ತನ್ನ ಮನೆಯ ಕೆಸರು ಬಾಚಿದವರು ಕೊಟ್ಟದ್ದನ್ನು ಬೇಡವೆನ್ನುವ ಸ್ವಾತಂತ್ರ್ಯ ಯಾರಿಗಿರುತ್ತದೆ? ಬೇಕೆಂದು ಕೇಳಿದವರಿಗಷ್ಟೇ ಕೊಡುವಂತಿದ್ದರೆ ನಾನು ಐದಕ್ಕೆ ಐದೂ ಅಂಕ ಕೊಡುತ್ತಿದ್ದೆ. ಈಗ ನಾಲ್ಕು.

ಈ ಸೇವೆಯ ಮಿತಿಯನ್ನೂ ತಿಳಿದಿರಬೇಕು. ಕೀಳುವುದಕ್ಕೆ ಸಿಗುವಷ್ಟು ಕೈಗಳು ಕಟ್ಟುವುದಕ್ಕೆ ಸಿಗುವುದಿಲ್ಲ. ಮೊದಲ ಶನಿವಾರ ಪಾರ್ಕಿಂಗ್ ತುಂಬಿದ್ದರೆ ನಾಲ್ಕನೆಯ ಶನಿವಾರ ಎರಡು ವ್ಯಾನಿಗೆ ಸಾಲುವಷ್ಟು ಜನ. ಕಂಬಗಳು ಒಣಗುವ ಮೊದಲು ಹಲಗೆ ಮುಚ್ಚಿದರೆ ಒಳಗೇ ಬೂಷ್ಟು ಬೆಳೆಯುವುದರಿಂದ ವಾರಗಟ್ಟಲೆ ಕಾಯಬೇಕು. ಕಾಯುವಷ್ಟರಲ್ಲಿ ಸುದ್ದಿಯೂ ಜನರ ಬಿಡುವೂ ಮುಗಿದಿರುತ್ತವೆ. ನಿಮಗೆ ಒಂದೇ ವಾರ ಕೊಡಲು ಸಾಧ್ಯವಿದ್ದರೆ ಮೂರು ತಿಂಗಳು ಕಳೆದ ಮೇಲೆ ಹೋಗಿ ಎಂಬುದು ನನ್ನ ಸಲಹೆ.

ಹೋಗುವವರು ಧನುರ್ವಾಯುವಿನ ಲಸಿಕೆ ಹಾಕಿಸಿಕೊಂಡು, ಗಟ್ಟಿ ಅಟ್ಟೆಯ ಬೂಟು, ಸ್ವಂತ ಮುಖಗವಸು, ದಪ್ಪ ಕೈಗವಸು ಒಯ್ಯಬೇಕು. ಬಂದಾಗ ಮಾತ್ರವಲ್ಲ, ಹೊರಡುವಾಗಲೂ ಹಾಜರಿ ಪುಸ್ತಕದಲ್ಲಿ ಸಮಯ ಬರೆಯುವುದನ್ನು ಮರೆಯಬಾರದು. ಪರಿಹಾರ ವೆಚ್ಚದಲ್ಲಿ ಒಕ್ಕೂಟ ಸರ್ಕಾರ ಸಾಮಾನ್ಯವಾಗಿ ಕನಿಷ್ಠ 75 ಪ್ರತಿಶತ ಭರಿಸಿದರೆ ಉಳಿದದ್ದು ಸ್ಥಳೀಯರ ಪಾಲು. ಸ್ವಯಂಸೇವಕರ ದಾಖಲಾದ ಗಂಟೆಗಳ ಮೌಲ್ಯವನ್ನು ಆ ಪಾಲಿಗೆ ಜಮಾ ಮಾಡಿಕೊಳ್ಳಲು ಅವಕಾಶವಿದೆ. ನಾನು ಮೊದಲ ದಿನ ದಣಿದು ಸಹಿ ಹಾಕದೆ ಮನೆಗೆ ಹೋಗಿದ್ದೆ. ಮುಂದಿನ ಶನಿವಾರ ಆ ಬಡಗಿ ಪುಸ್ತಕ ತೆರೆದು, ಖಾಲಿ ಇದ್ದ ಅಂಕಣದ ಮೇಲೆ ಬೆರಳಿಟ್ಟು ನಿಂತಿದ್ದರು.